ಹಲಗೂರಿನ ಹೆಪ್ಪು

ಮಂಡ್ಯದ ಸುತ್ತಿನ ಹಳ್ಳಿಗಳಲ್ಲಿ ವೇದವತಿ ಎಂದರೆ ಯಾರಿಗೂ ತಿಳಿಯುತ್ತಿರಲಿಲ್ಲ. ‘ಮೊಸರು ಮೇಷ್ಟ್ರಮ್ಮ’ ಎಂದರೆ ಸಾಕು, ‘ಓ, ಆಯಮ್ಮನಾ!’ ಎಂದು ನಗುತ್ತಿದ್ದರು. ನಗದೆ ಇನ್ನೇನು ಮಾಡುತ್ತಾರೆ ಹೇಳಿ? ಕಾಲೇಜಿನಲ್ಲಿ ಪಾಠ ಹೇಳುವ ಹೆಂಗಸು, ಮದ್ದೂರಿನ ಪುರೋಹಿತರ ಮಗಳು, ಭಾನುವಾರ ಬಂತೆಂದರೆ ಹೆಗಲಿಗೆ ಚೀಲ ತಗುಲಿಸಿಕೊಂಡು ಬಸ್ಸು ಹತ್ತುತ್ತಿದ್ದಳು. ಕಂಡವರ ಮನೆ ಬಾಗಿಲಲ್ಲಿ ನಿಂತು, ‘ಒಂದು ಚಮಚ ಹೆಪ್ಪು ಕೊಡ್ತೀರಾ?’ ಎಂದು ಕೇಳುತ್ತಿದ್ದಳು. ಕೊಟ್ಟರೆ ಅದನ್ನು ಗಾಜಿನ ಸೀಸೆಗೆ ಹಾಕಿ, ಮೇಲೆ ಊರಿನ ಹೆಸರು ಬರೆದು, ಕೂಸನ್ನು ಎತ್ತಿಕೊಂಡಂತೆ ಎತ್ತಿಕೊಂಡು ಹೋಗುತ್ತಿದ್ದಳು.

ಹೆಪ್ಪಿನಲ್ಲಿ ಹಾಲನ್ನು ಹುಳಿ ಮಾಡುವ ಬ್ಯಾಕ್ಟೀರಿಯಗಳು ಕೋಟಿಗಟ್ಟಲೆ ಇರುತ್ತವೆ, ಕಣ್ಣಿಗೆ ಕಾಣುವುದಿಲ್ಲ. ಎಲ್ಲ ಮನೆಗಳಲ್ಲೂ ಒಂದೇ ಜಾತಿಯವು ಇರುತ್ತವೋ, ಮನೆಗೊಂದು ಜಾತಿಯೋ? ಇದೇ ಅವಳ ತಲೆ ಹೊಕ್ಕಿದ್ದ ಹುಳು. ಯಾವ ಸಕ್ಕರೆ ತಿನ್ನುತ್ತವೆ, ಎಷ್ಟು ಬಿಸಿ ತಡೆಯುತ್ತವೆ, ಗಾಳಿಗುಳ್ಳೆ ಬಿಡುತ್ತವೋ ಇಲ್ಲವೋ, ಇಷ್ಟನ್ನು ನೋಡಿ ಅವುಗಳ ಜಾತಿ ಹೇಳುವುದು ಆ ಕಾಲದ ಪದ್ಧತಿ. ಸಾವಿರದ ಒಂಬೈನೂರ ಅರವತ್ತೇಳರಲ್ಲಿ ಶುರು ಮಾಡಿದಳು. ಎರಡು ವರ್ಷದೊಳಗೆ ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳಿಂದ ನಲವತ್ತೆರಡು ಮನೆಯ ಹೆಪ್ಪು ಅವಳ ಲ್ಯಾಬಿನಲ್ಲಿ ಸಾಲಾಗಿ ನಿಂತವು. ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ. ಇವಳ ಕೈಯೇನೋ ಕೆಸರಾಯಿತು. ಬಾಯಿಯ ವಿಷಯ ಆಮೇಲೆ ಹೇಳುತ್ತೇನೆ.

ಹೆಪ್ಪನ್ನು ತರುವುದು ದೊಡ್ಡದಲ್ಲ, ಬದುಕಿಸಿಕೊಳ್ಳುವುದು ದೊಡ್ಡದು. ಹದಿನೈದು ದಿನಕ್ಕೊಮ್ಮೆ ಹಳೇ ಟ್ಯೂಬಿನಿಂದ ಒಂದು ತೊಟ್ಟು ತೆಗೆದು ಹೊಸ ಹಾಲಿನ ಟ್ಯೂಬಿಗೆ ಬಿಡಬೇಕು. ಒಂದು ಸಲ ತಪ್ಪಿದರೆ ಆ ಮನೆಯ ಹೆಪ್ಪಿನ ಕಥೆ ಮುಗಿಯಿತು. ಈ ಕೆಲಸಕ್ಕೆ ಅವಳ ಜೊತೆ ನಿಂತವನು ಲ್ಯಾಬಿನ ಅಟೆಂಡರ್ ಪುಟ್ಟಮಾದಯ್ಯ. ಹೊಳಲಿನವನು, ಅವಳಿಗಿಂತ ಹತ್ತು ವರ್ಷ ದೊಡ್ಡವನು, ದಿನಾ ಸೈಕಲ್ ತುಳಿದುಕೊಂಡು ಬರುತ್ತಿದ್ದ. ಓದು ನಾಲ್ಕನೇ ಕ್ಲಾಸು. ಆದರೆ ಸ್ಪಿರಿಟ್ ದೀಪದಲ್ಲಿ ತಂತಿ ಕಾಯಿಸಿ, ಹತ್ತಿಯ ಬಿರಡೆಯನ್ನು ಕಿರುಬೆರಳಲ್ಲಿ ಹಿಡಿದು, ತೊಟ್ಟು ಬಿಡುವುದನ್ನು ಅವಳು ಕಲಿಸಿದ ಮೇಲೆ ಅವನ ಕೈ ಅವಳ ಕೈಗಿಂತ ಸ್ಥಿರವಾಯಿತು. ಮೊದಲನೆಯ ಟ್ಯೂಬಿನ ಹೆಪ್ಪು ಅವನ ಮನೆಯದೇ. ಅದಕ್ಕೆ ‘ಹೊಳಲು-೧’ ಎಂದು ಹೆಸರಿಟ್ಟಾಗ ಅವನು ಹಿಗ್ಗಿ ಹೀರೇಕಾಯಿಯಾಗಿದ್ದ.

‘ನಮ್ಮನೆ ಮೊಸ್ರು ಕಾಲೇಜು ಸೇರ್ಕತು ಕಣ್ರೀ, ನಾನೇ ಸೇರ್ಲಿಲ್ಲ!’ ಎಂದು ಬಂದವರಿಗೆಲ್ಲ ತೋರಿಸುತ್ತಿದ್ದ.

ನಲವತ್ತೆರಡರಲ್ಲಿ ವೇದವತಿಯ ಜೀವವಿದ್ದದ್ದು ಒಂದರ ಮೇಲೆ. ಅದು ‘ಹಲಗೂರು-೩’.

ಹಲಗೂರಿನ ಶಿವನಂಜಮ್ಮನ ಮನೆಯ ಹೆಪ್ಪು ಅದು. ಆಕೆ ಐವತ್ತು ದಾಟಿದ ಗಟ್ಟಿ ಹೆಂಗಸು, ಮಾತೂ ಗಟ್ಟಿ. ಮೊದಲ ದಿನ ವೇದವತಿ ಕೇಳಿದಾಗ ಒಂದೇ ಮಾತಿಗೆ ಇಲ್ಲ ಎಂದಿದ್ದಳು.

‘ನಮ್ಮತ್ತೆ ಏಳ್ಬುಟ್ಟು ಸತ್ರು, ಈ ಹೆಪ್ಪು ಹೊಸ್ಲು ದಾಟಬಾರದು ಅಂತ. ಪಕ್ಕದ ಮನೆಯೋರ್ಗೂ ಕೊಟ್ಟಿಲ್ಲ ಕಣಮ್ಮ ನಾನು. ಹೆಪ್ಪು ಓದ್ರೆ ಹಾಲೂ ಅದ್ರಿಂದೆ ಓಯ್ತದಂತೆ.’

ವೇದವತಿ ಬಿಡಲಿಲ್ಲ. ಮೂರು ಭಾನುವಾರ ಹೋದಳು. ಮೂರನೆಯ ಸಲ ಶಿವನಂಜಮ್ಮ ಗಂಡ ಕರಿಯಯ್ಯನ ಮುಖ ನೋಡಿದಳು. ಅವನು ‘ಕೊಡು ಅತ್ಲಾಗಿ’ ಎಂದ.

‘ತಕ್ಕೊಂಡೋಗಿ ಏನ್ಮಾಡ್ತೀಯೆ?’

‘ಇದರಲ್ಲಿರೋ ಜೀವಿ ಯಾವ ಜಾತಿ ಅಂತ ನೋಡ್ತೀನಿ ಶಿವನಂಜಮ್ಮ.’

‘ಅಯ್ಯೋ ಸಿವ್ನೆ! ಮನ್ಸರ ಜಾತಿ ನೋಡಿ ಮುಗೀತು, ಈಗ ಮೊಸ್ರಿಂದೂ ಸುರು ಮಾಡಿದ್ರಾ?’ ಎಂದು ಬಿದ್ದು ಬಿದ್ದು ನಕ್ಕಳು. ನಕ್ಕು ಮುಗಿದ ಮೇಲೆ ಒಳಗಿನಿಂದ ಕುಡಿಕೆ ತಂದಳು. ‘ನಮ್ಮನೇದು ನಾಲ್ಗೆ ಮ್ಯಾಲೆ ಚುರ್ ಅಂತದೆ. ಈ ಊರಲ್ಲಿ ಯಾರ ಮನೇದೂ ಅಂಗನ್ನಲ್ಲ. ನೋಡು, ನೀನು ಮಾರೋಳಲ್ಲ, ತಿನ್ನೋಳೂ ಅಲ್ಲ. ಅದ್ಕೇ ಕೊಡ್ತಾವ್ನಿ. ನಿನ್ತಾವ ಇದ್ರೆ ಹೊಸ್ಲು ದಾಟ್ದಂಗಲ್ಲ. ನಾಳೀಕೆ ನಮ್ಮನೇಲಿ ತಪ್ಪೋದ್ರೆ ನೀನೇ ಕೊಡ್ಬೇಕು.’

‘ಕೊಡ್ತೀನಿ. ನನ್ನ ಮಾತು ನಂಬಿ.’

ಶಿವನಂಜಮ್ಮ ದೊಡ್ಡ ಲೋಟದಲ್ಲಿ ಮಜ್ಜಿಗೆ ತಂದು ಮುಂದಿಟ್ಟಳು. ವೇದವತಿ ಕೈ ಮುಗಿದು, ‘ಇವತ್ತು ಒಪ್ಪೊತ್ತು ಶಿವನಂಜಮ್ಮ, ಏನೂ ತಗೊಳೋಹಾಗಿಲ್ಲ’ ಎಂದಳು. ಒಪ್ಪೊತ್ತೂ ಇರಲಿಲ್ಲ, ಏನೂ ಇರಲಿಲ್ಲ. ಹೊರಗೆ ಯಾರ ಮನೆಯಲ್ಲೂ ಬಾಯಿಗೆ ಏನನ್ನೂ ಹಾಕಿಕೊಳ್ಳಬಾರದು ಎಂದು ತಾಯಿ ಪಂಕಜಮ್ಮ ಚಿಕ್ಕಂದಿನಿಂದ ಮಾಡಿಸಿದ ಅಭ್ಯಾಸ. ಅದು ತಪ್ಪೆಂದು ಓದಿದವಳ ಬುದ್ಧಿಗೆ ತಿಳಿದಿತ್ತು, ಗಂಟಲಿಗೆ ತಿಳಿದಿರಲಿಲ್ಲ. ಎದುರಿನವರ ಮನಸ್ಸು ನೋಯಬಾರದೆಂದು ಒಪ್ಪೊತ್ತಿನ ಸುಳ್ಳು. ಆಮೇಲೂ ನಾಲ್ಕಾರು ಸಲ ಆ ಮನೆಗೆ ಹೋದಳು, ನಾಲ್ಕಾರು ಸಲವೂ ಅದೇ ಸುಳ್ಳು ಹೇಳಿದಳು. ‘ನಿಮ್ ದ್ಯಾವ್ರಿಗೆ ವಾರವೆಲ್ಲ ಒಪ್ಪೊತ್ತೇ ಬುಡು!’ ಎಂದು ಶಿವನಂಜಮ್ಮ ನಗುತ್ತಿದ್ದಳು. ಮುಂದಿನ ಸಲ ಮತ್ತೆ ಲೋಟ ತಂದಿಡುತ್ತಿದ್ದಳು.

ಲ್ಯಾಬಿನಲ್ಲಿ ಆ ಹೆಪ್ಪು ಗಾಳಿ ಬಿಟ್ಟಿತು. ಸಕ್ಕರೆ ಪರೀಕ್ಷೆಯ ಟ್ಯೂಬಿನೊಳಗೆ ಸಣ್ಣ ಗುಳ್ಳೆ ಮೇಲೆದ್ದು ನಿಂತದ್ದನ್ನು ನೋಡಿ ವೇದವತಿ, ‘ಪುಟ್ಟಮಾದಯ್ಯ, ಬನ್ನಿ ಬನ್ನಿ!’ ಎಂದು ಕೂಗಿದಳು. ಉಳಿದ ನಲವತ್ತೊಂದರಲ್ಲಿ ಯಾವುದೂ ಹಾಗೆ ಮಾಡಿರಲಿಲ್ಲ. ಪುಸ್ತಕದಲ್ಲಿದ್ದ ಯಾವ ಹೆಸರೂ ಅದಕ್ಕೆ ಸರಿಯಾಗಿ ಕೂರಲಿಲ್ಲ. ‘ಹಲಗೂರು-೩. ಗಾಳಿ ಬಿಡುತ್ತದೆ. ಮನೆಯವರ ಹೇಳಿಕೆಯಂತೆ ನಾಲಗೆಗೆ ಚುರುಕು’ ಎಂದು ನೋಟ್‌ಬುಕ್ಕಿನಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದಳು. ಇದು ಹೊಸ ಜಾತಿಯೇ ಸೈ, ಒಂದಲ್ಲ ಒಂದು ದಿನ ಇದಕ್ಕೆ ಹಲಗೂರಿನ ಹೆಸರಿಡುತ್ತೇನೆ ಎಂದು ಮನಸ್ಸಿನಲ್ಲೇ ಹರಕೆ ಕಟ್ಟಿಕೊಂಡಳು.

ಎಪ್ಪತ್ತಮೂರರ ಬೇಸಗೆಯಲ್ಲಿ ಪಂಕಜಮ್ಮನಿಗೆ ಪಾರ್ಶ್ವವಾಯು ಹೊಡೆಯಿತು. ವೇದವತಿ ನಾಲ್ಕು ತಿಂಗಳು ರಜ ಹಾಕಿ ಮದ್ದೂರಿನಲ್ಲಿ ತಾಯಿಯ ಮಂಚದ ಪಕ್ಕ ಕೂತಳು. ಹೋಗುವ ಮುಂಚೆ ಲ್ಯಾಬಿನ ಬೀಗದ ಕೈಯನ್ನು ಪುಟ್ಟಮಾದಯ್ಯನ ಕೈಗಿಟ್ಟು, ‘ನಿಮ್ಮನ್ನ ನಂಬಿ ಹೋಗ್ತಿದೀನಿ’ ಎಂದಳು. ‘ನಮ್ಮುಡ್ಗಿ ಬಾಣಂತನಕ್ಕೆ ಬಂದದೆ ಅಂತ ನೋಡ್ಕೋತೀನಿ, ನೀವೋಗಿ’ ಎಂದ ಅವನು. ತಾಯಿ ತೀರಿಕೊಂಡ ಮೇಲೆ ವಾಪಸ್ಸು ಬಂದು ನೋಡಿದರೆ ನಲವತ್ತೆರಡಕ್ಕೆ ನಲವತ್ತೆರಡೂ ಗಟ್ಟಿಯಾಗಿ, ಬೆಳ್ಳಗೆ ನಿಂತಿದ್ದವು. ವೇದವತಿಗೆ ಅಳು ತಡೆಯಲಾಗಲಿಲ್ಲ. ‘ನಮ್ಮಮ್ಮ ಉಳೀಲಿಲ್ಲ ಪುಟ್ಟಮಾದಯ್ಯ, ಇವನ್ನ ಉಳಿಸಿದ್ರಲ್ಲ’ ಎಂದಳು. ಅವನು ತಲೆ ಬಗ್ಗಿಸಿದ. ವಿನಯ ಎಂದುಕೊಂಡಳು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಆ ಹೊತ್ತಿನಲ್ಲಿ ಯಾರಿಗೆ ಹೊಳೆಯುತ್ತದೆ?

ಎರಡು ವರ್ಷ ಕಳೆಯಿತು. ಒಂದು ಮಧ್ಯಾಹ್ನ ಶಿವನಂಜಮ್ಮ ಕಾಲೇಜನ್ನು ಹುಡುಕಿಕೊಂಡು ಬಂದು ಲ್ಯಾಬಿನ ಬಾಗಿಲಲ್ಲಿ ನಿಂತಳು. ಕೈಯಲ್ಲಿ ಮುಚ್ಚಳದ ಡಬ್ಬಿ. ಕುಂಕುಮವಿಲ್ಲದ ಹಣೆ ನೋಡಿ ವೇದವತಿಗೆ ಅರ್ಥವಾಯಿತು. ಕರಿಯಯ್ಯನನ್ನು ಮೈಸೂರಿನ ಆಸ್ಪತ್ರೆಗೆ ಸೇರಿಸಿ ಒಂದು ತಿಂಗಳು ಅಲ್ಲೇ ಇದ್ದಳಂತೆ. ಹೆಣದ ಜೊತೆ ಊರಿಗೆ ಬಂದು ಬೀಗ ತೆಗೆದರೆ ಹೆಪ್ಪಿನ ಕುಡಿಕೆಯಲ್ಲಿ ಬೂಷ್ಟು.

‘ಕಾರ್ಯ ಎಲ್ಲ ಮುಗೀತು. ನನ್ ಹೆಪ್ಪು ಕೊಡ್ತೀಯಾ ಮೇಷ್ಟ್ರಮ್ಮ? ಒಲೆ ಅಚ್ಚಿದ ದಿನದಿಂದ ಅದೇ ಗ್ಯಾನ.’

ಇಂಥ ಗಳಿಗೆ ಬದುಕಿನಲ್ಲಿ ಎಷ್ಟು ಸಲ ಬರುತ್ತದೆ? ವೇದವತಿ ‘ಹಲಗೂರು-೩’ ಟ್ಯೂಬನ್ನು ಬೆಳಕಿಗೆ ಹಿಡಿದು ತೋರಿಸಿದಳು. ಡಬ್ಬಿಯ ಉಗುರುಬೆಚ್ಚಗಿನ ಹಾಲಿಗೆ ತನ್ನ ಕೈಯಾರೆ ಸುರಿದಳು. ‘ತಗೊಳ್ಳಿ, ನಿಮ್ಮತ್ತೆಯವರದ್ದು. ಆರು ವರ್ಷದಿಂದ ಒಂದು ದಿನ ತಪ್ಪಿಲ್ಲ.’ ಶಿವನಂಜಮ್ಮ ಡಬ್ಬಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಅತ್ತಳು. ವೇದವತಿ ನಕ್ಕಳು, ಅವಳ ಕಣ್ಣೂ ಒದ್ದೆಯಾಯಿತು. ಪುಟ್ಟಮಾದಯ್ಯ ಪಕ್ಕದಲ್ಲೇ ಟ್ಯೂಬು ತೊಳೆಯುತ್ತಾ ನಿಂತಿದ್ದ. ಆ ದಿನ ಹೋದ ಶಿವನಂಜಮ್ಮ ಮತ್ತೆ ಮಂಡ್ಯದ ಕಡೆ ಬರಲಿಲ್ಲ. ವಿಧವೆ ಹೆಂಗಸು, ಬೇಸಾಯದ ಗಡಿಬಿಡಿ ಇರಬೇಕು ಎಂದುಕೊಂಡು ವೇದವತಿ ಸುಮ್ಮನಾದಳು.

ಎಪ್ಪತ್ತೇಳರಲ್ಲಿ ಹಳೆಯ ಸಹಪಾಠಿ ವರದರಾಜ ಬೆಂಗಳೂರಿನಿಂದ ಕಾಗದ ಬರೆದ. ಅವನ ಪ್ರಯೋಗಾಲಯದಲ್ಲಿ ಹೊಸ ವಿಧಾನ ಬಂದಿತ್ತು. ಬ್ಯಾಕ್ಟೀರಿಯ ಏನು ತಿನ್ನುತ್ತದೆ, ಏನು ಬಿಡುತ್ತದೆ ಎಂದು ನೋಡಿ ಜಾತಿ ಹೇಳುವುದು ವೇಷ ನೋಡಿ ಮಣೆ ಹಾಕಿದಂತೆ, ನೋಡಬೇಕಾದದ್ದು ಒಳಗಿನ ವಂಶದ ಎಳೆಯನ್ನು, ಅಂದರೆ ಡಿ.ಎನ್.ಎ.ಯನ್ನು. ಆ ಎಳೆ ಎರಡೆರಡಾಗಿ ಹೆಣೆದುಕೊಂಡಿರುತ್ತದೆ. ಕಾಯಿಸಿದರೆ ಬಿಚ್ಚಿಕೊಳ್ಳುತ್ತದೆ, ಎಷ್ಟು ಶಾಖಕ್ಕೆ ಬಿಚ್ಚಿಕೊಂಡಿತು ಎಂಬುದೇ ಒಂದು ಗುರುತು. ಒಂದರ ಬಿಡಿ ಎಳೆಯನ್ನು ಇನ್ನೊಂದರ ಬಿಡಿ ಎಳೆಯ ಜೊತೆ ಬೆರೆಸಿ ತಣಿಸಿದರೆ, ಹತ್ತಿರದ ನೆಂಟರಾದರೆ ಮತ್ತೆ ಹೆಣೆದುಕೊಳ್ಳುತ್ತವೆ, ದೂರದವರಾದರೆ ಇಲ್ಲ. ಹೀಗೆ ನೋಡಿದಾಗ, ಒಂದೇ ಹೆಸರಿನಲ್ಲಿದ್ದ ಎಷ್ಟೋ ಮೊಸರಿನ ಬ್ಯಾಕ್ಟೀರಿಯಗಳು ನೆಂಟರೇ ಅಲ್ಲವಂತೆ. ಬೇರೆ ಬೇರೆ ಹೆಸರಿನವು ಒಂದೇ ಆಗಿವೆಯಂತೆ. ಎಲ್ಲವನ್ನೂ ಮತ್ತೆ ವಿಂಗಡಿಸುತ್ತಿದ್ದಾರಂತೆ. ‘ನಿಮ್ಮ ಹಲಗೂರನ್ನು ಕಳಿಸಿ. ಅದು ಹೊಸ ಜಾತಿಯಾದರೆ ಈ ವಿಧಾನದ ಮುಂದೆ ಯಾರೂ ಉಸಿರೆತ್ತುವ ಹಾಗಿಲ್ಲ’ ಎಂದಿದ್ದ.

ವೇದವತಿ ಒಂಬತ್ತು ಟ್ಯೂಬುಗಳನ್ನು ತಾನೇ ರೈಲಿನಲ್ಲಿ ಒಯ್ದು ಕೊಟ್ಟು ಬಂದಳು. ಎಂಟು ತಿಂಗಳು ಕಾದಳು. ಎಪ್ಪತ್ತೆಂಟರ ಜುಲೈನಲ್ಲಿ ಉತ್ತರ ಬಂತು.

‘ವೇದವತಿಯವರಿಗೆ, ಹೇಳಲು ಸಂಕಟವಾಗುತ್ತದೆ. ಒಂಬತ್ತರಲ್ಲಿ ಐದು ಒಂದೇ. ನಿಮ್ಮ ಹಲಗೂರು-೩ ಮತ್ತು ಹೊಳಲು-೧ ಒಂದೇ ಶಾಖಕ್ಕೆ ಬಿಚ್ಚಿಕೊಳ್ಳುತ್ತವೆ. ಒಂದರ ಎಳೆ ಇನ್ನೊಂದಕ್ಕೆ ಪೂರ್ತಿ ಹೆಣೆದುಕೊಳ್ಳುತ್ತದೆ. ಮೂರು ಸಲ ಮಾಡಿ ನೋಡಿದೆ. ನೀವು ಕಳಿಸಿದ ಹಲಗೂರು ಗಾಳಿಯನ್ನೂ ಬಿಡುವುದಿಲ್ಲ. ನಿಮ್ಮ ನೋಟ್‌ಬುಕ್ಕಿನಲ್ಲಿರುವ ಜೀವಿ ಈ ಟ್ಯೂಬಿನಲ್ಲಿಲ್ಲ. ಎಲ್ಲೋ ಬದಲಾಗಿದೆ. ಇವನ್ನು ಲೇಖನಕ್ಕೆ ಸೇರಿಸಲಾರೆ, ಕ್ಷಮಿಸಿ.’

ವೇದವತಿ ಕಾಗದವನ್ನು ಮೂರು ಸಲ ಓದಿದಳು. ಅರವತ್ತೊಂಬತ್ತರಲ್ಲಿ ಗಾಳಿಗುಳ್ಳೆಯನ್ನು ಅವಳು ಕಣ್ಣಾರೆ ಕಂಡಿದ್ದಳು. ಆಮೇಲೆ ಆ ಪರೀಕ್ಷೆಯನ್ನು ಮತ್ತೆ ಮಾಡಿರಲಿಲ್ಲ. ಹಾಗಾದರೆ ಬದಲಾದದ್ದು ಈ ಕೋಣೆಯಲ್ಲೇ. ಈ ಟ್ಯೂಬುಗಳನ್ನು ಮುಟ್ಟಿದ್ದು ಇಬ್ಬರು. ಒಬ್ಬಳು ತಾನು.

‘ಪುಟ್ಟಮಾದಯ್ಯ, ಈ ಟ್ಯೂಬಲ್ಲಿರೋದು ಯಾರ ಮನೆ ಹೆಪ್ಪು?’

‘ಹಲಗೂರು ಅಂತ ಬರ್ದದಲ್ಲಮ್ಮಾವ್ರೆ.’

‘ಬರೆದದ್ದು ನಾನು. ಒಳಗಿರೋದು ಯಾರದ್ದು?’

ಅವನು ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡ. ‘ನಮ್ಮನೇದು’ ಎಂದ.

ಹೇಳಿದ ರೀತಿಯಲ್ಲಿ ಅಳುಕೇ ಇರಲಿಲ್ಲ. ವೇದವತಿಗೆ ಮೈ ಉರಿದುಹೋದದ್ದು ಅದಕ್ಕೇ.

‘ನೀವು ಮದ್ದೂರಲ್ಲಿದ್ರಲ್ಲ, ಆ ಬ್ಯಾಸ್ಗೇಲಿ ನಾಕು ದಿನ ಕರೆಂಟಿಲ್ಲ. ಟ್ಯೂಬು ಮಡಗೋ ತಣ್ಣನೆ ಪೆಟ್ಟಿಗೆ ಒಳಗೆಲ್ಲ ಬೆಂದೋಯ್ತು. ಹದಿನಾರು ಸತ್ತೋದ್ವು. ಮತ್ತೆ ಮತ್ತೆ ಹಾಲಿಗೆ ಬುಟ್ಟು ನೋಡ್ದೆ, ಹೆಪ್ಪಾಗ್ಲೇ ಇಲ್ಲ. ನಮ್ಮನೆಯಿಂದ ತಂದಾಕ್ದೆ. ಊರಲ್ಲಿ ಹೆಪ್ಪು ಕೆಟ್ರೆ ಇನ್ನೇನ್ ಮಾಡ್ತಾರೆ? ಪಕ್ಕದ ಮನೆಯಿಂದ ತತ್ತಾರೆ. ನಮ್ ಹಾಲಲ್ಲಿ ಹೆಪ್ಪಾದ್ಮೇಲೆ ಅದು ನಮ್ಮನೇದೇ. ಪಕ್ಕದ ಮನೆ ಮೊಸ್ರು ಅಂತ ಯಾರಾರ ಅಂದಾರಾ?’

‘ಇದು ಮನೆಯಲ್ಲ, ಲ್ಯಾಬು!’

‘ನಂಗೆ ಒಂದೇ ಅನ್ನಿಸ್ತು.’

‘ನನಗೆ ಯಾಕೆ ಹೇಳಲಿಲ್ಲ?’

‘ನಿಮ್ಮ ತಾಯೋರು ಹಂಗೆ ಮಲ್ಗಿದ್ರು. ಇದ್ನೂ ಏಳಿ ಅಳಿಸ್ಲಾ ಅಂತ... ಆಮೇಲೆ ಬಂದು ನೀವು ಕೈ ಮುಗ್ದಂಗೆ ಮಾಡ್ಬುಟ್ರಿ. ಆವಾಗ ಬಾಯಿ ಕಟ್ಟೋಯ್ತು.’

ವೇದವತಿ ಆ ತನಕ ಅವನನ್ನು ಏಕವಚನದಲ್ಲಿ ಕರೆದವಳಲ್ಲ. ‘ನನ್ನ ಕುತ್ತಿಗೆ ಕೊಯ್ದೆ ನೀನು’ ಎಂದಳು. ‘ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು. ಹನ್ನೊಂದು ವರ್ಷ! ಆ ಹೆಂಗಸು ಗಂಡನ್ನ ಕಳ್ಕೊಂಡು ಬಂದು ಕೈಯೊಡ್ಡಿದಾಗ ಇಲ್ಲೇ ನಿಂತಿದ್ದೆಯಲ್ಲ, ಆಗಲಾದರೂ ಬಾಯಿ ಬಿಡಬಾರದಿತ್ತಾ?’

‘ಆಯಮ್ಮ ಅಳ್ತಿದ್ಲು. ನೀವು ನಗ್ತಿದ್ರಿ. ನಾನು ಏನಂತ ಬಾಯಿ ಬುಡ್ಲಿ?’

‘ಹೊರಗೆ ಹೋಗು’ ಎಂದಳು. ಅವನು ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಹೋದ.

ಎರಡು ದಿನ ಅವಳಿಗೆ ಅನ್ನ ಸೇರಲಿಲ್ಲ. ಮೂರನೆಯ ದಿನ ಒಂದು ಆಸೆ ಹುಟ್ಟಿತು. ಯಾರಿಗೆ ಗೊತ್ತು, ಹಲಗೂರಿನ ಆ ಮನೆಯಲ್ಲಿ ಯಾವುದಾದರೂ ಮೂಲೆಯಲ್ಲಿ ಹಳೆಯ ಹೆಪ್ಪು ಉಳಿದಿದ್ದರೆ? ಇಲ್ಲದಿದ್ದರೂ ಹೋಗಿ ನಿಜ ಹೇಳಬೇಕು. ಮಳವಳ್ಳಿಯಲ್ಲಿ ಬಸ್ಸು ಬದಲಿಸಿ ಕೂತಾಗ ಹೇಳಬೇಕಾದ್ದನ್ನೆಲ್ಲ ಬಾಯಿಪಾಠ ಮಾಡಿಕೊಂಡಳು. ನಂಬಿದವನೇ ನನಗೆ ಮೋಸ ಮಾಡಿದ ಶಿವನಂಜಮ್ಮ, ನನಗೂ ಮೋಸ ಆಯಿತು, ನಿಮಗೂ ಆಯಿತು. ಕೇಳಿದರೆ ಆಕೆ ‘ಅಯ್ಯೋ ಸಿವ್ನೆ’ ಎಂದು ಎದೆ ಬಡಿದುಕೊಂಡು ತನ್ನ ಜೊತೆ ಕೂತು ಅಳುತ್ತಾಳೆ ಎಂದುಕೊಂಡಿದ್ದಳು.

ಶಿವನಂಜಮ್ಮ ಜಗಲಿಯ ಮೇಲೆ ಹುರುಳಿ ಕೇರುತ್ತಿದ್ದಳು. ತಲೆಯೆತ್ತಿ ನೋಡಿ, ‘ಬನ್ನಿ, ಕುಂತ್ಕಳಿ’ ಎಂದಳು.

ಬನ್ನಿ! ಒಂದು ದಿನವೂ ‘ಬಾ ಮೇಷ್ಟ್ರಮ್ಮ’ ಬಿಟ್ಟು ಬೇರೆ ಮಾತು ಬಂದಿರಲಿಲ್ಲ ಆ ಬಾಯಲ್ಲಿ. ವೇದವತಿಗೆ ಕೆನ್ನೆಗೆ ಹೊಡೆದಂತಾಯಿತು. ಬಾಯಿಪಾಠವೆಲ್ಲ ಮರೆತುಹೋಯಿತು.

‘ಶಿವನಂಜಮ್ಮ, ನಾನು ಅವತ್ತು ಕೊಟ್ಟದ್ದು ನಿಮ್ಮ ಮನೆ ಹೆಪ್ಪಲ್ಲ.’

‘ಗೊತ್ತು.’

‘ಗೊತ್ತಾ? ಯಾವಾಗಿಂದ?’

‘ಮಾರ್ನೆ ದಿನದಿಂದ. ಬೆಳ್ಗೆ ಎದ್ದು ನಾಲ್ಗೆ ಮ್ಯಾಲೆ ಮಡಗ್ದೆ. ಚುರ್ ಅನ್ಲಿಲ್ಲ.’ ಮೊರ ನಿಲ್ಲಲಿಲ್ಲ.

ವರದರಾಜನ ಯಂತ್ರಕ್ಕೆ ಎಂಟು ತಿಂಗಳು ಹಿಡಿದಿತ್ತು. ‘ಮತ್ತೆ ಮೂರು ವರ್ಷದಿಂದ ಯಾಕೆ ಬಂದು ಕೇಳಲಿಲ್ಲ?’ ಎಂದಳು ವೇದವತಿ.

‘ಏನಂತ ಕೇಳಾದು? ಕೊಟ್ಟ ಹೆಪ್ಪಿಗೆ ಹೆಸರಿಕ್ಕಬಾರದು. ನಮ್ಮದ್ನ ಒಳ್ಳೇದು ಅಂತ ಮಡಿಕಂಡು ಯಾರ್ದೋ ಕೊಟ್ಟು ಕಳಿಸವ್ರೆ ಅನ್ಕಂಡೆ. ಓದ್ದೋರು, ಯಾಕ್ ವಾಪಸ್ ಕೊಟ್ಟಾರು? ಅತ್ತೆ ಮಾತು ಮೀರ್ದೆ, ಆಗಿದ್ದಾಯ್ತು ಅಂತ ಸುಮ್ಕಾದೆ.’

‘ಅಯ್ಯೋ, ಇಲ್ಲ ಶಿವನಂಜಮ್ಮ! ನಾನು ಮೋಸ ಮಾಡಲಿಲ್ಲ. ನನಗೇ ಗೊತ್ತಿರಲಿಲ್ಲ’ ಎಂದು ವೇದವತಿ ಒಂದೇ ಉಸಿರಿಗೆ ಕರೆಂಟು, ಬೇಸಗೆ, ಪುಟ್ಟಮಾದಯ್ಯ, ಬೆಂಗಳೂರಿನ ಕಾಗದ ಎಲ್ಲವನ್ನೂ ಹೇಳಿದಳು. ಹೇಳುತ್ತಾ ಅತ್ತಳು. ಶಿವನಂಜಮ್ಮ ಪೂರ್ತಿ ಕೇಳಿಸಿಕೊಂಡಳು. ಮೊರವನ್ನು ಪಕ್ಕಕ್ಕಿಟ್ಟಳು.

‘ನಿಮ್ಮಾಳು ಏಳ್ಲಿಲ್ಲ, ಸರಿ. ಅವ್ನದು ತಪ್ಪೇ. ನೀವು ಕೊಡಾಕ್ ಮುಂಚೆ ಒಂದ್ ತೊಟ್ಟು ಬಾಯಿಗೆ ಬುಟ್ಕಂಡು ನೋಡಿದ್ರೆ ಗೊತ್ತಾಗ್ತಿರ್ಲಿಲ್ವಾ?’

ವೇದವತಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

‘ಗೊತ್ತಾಗ್ತಿರ್ಲಿಲ್ಲ, ಅಲ್ವಾ?’ ಶಿವನಂಜಮ್ಮನೇ ಅಂದಳು. ‘ನಮ್ಮನೇದು ಹೆಂಗಿರ್ತದೆ ಅಂತ ನಿಮ್ಗೆ ಗೊತ್ತಿದ್ರೆ ತಾನೆ?’

ಆ ಹೊತ್ತಿಗೆ ಹಿಂದೆಲ್ಲ ಒಳಗಿನಿಂದ ಮಜ್ಜಿಗೆ ಲೋಟ ಬರುತ್ತಿತ್ತು. ಇವತ್ತು ಬರಲಿಲ್ಲ. ವೇದವತಿ ಬಾಗಿಲ ಕಡೆ ನೋಡಿದಳು, ತನ್ನ ಕೈ ನೋಡಿಕೊಂಡಳು. ಕೊನೆಗೆ ಜೀವ ಹಿಡಿ ಮಾಡಿಕೊಂಡು, ‘ಒಂದು ಲೋಟ ಮಜ್ಜಿಗೆ ಕೊಡಿ ಶಿವನಂಜಮ್ಮ’ ಎಂದಳು.

ಶಿವನಂಜಮ್ಮ ಅವಳ ಮುಖವನ್ನೇ ನೋಡಿದಳು.

‘ಯಾಕೆ, ಇವತ್ತು ಒಪ್ಪೊತ್ತಲ್ವಾ?’

‘ಅಲ್ಲ’ ಎಂದಳು ವೇದವತಿ. ‘ಯಾವತ್ತೂ ಅಲ್ಲ.’

‘ಅದೂ ಗೊತ್ತು’ ಎಂದು ಶಿವನಂಜಮ್ಮ ಮಂಡಿ ಹಿಡಿದು ಎದ್ದಳು. ಕೇಳಿದವರಿಗೆ ಮಜ್ಜಿಗೆ ಇಲ್ಲ ಎನ್ನುವ ಮನೆಯಲ್ಲ ಅದು. ಒಳಗೆ ಹೋಗಿ ಅದೇ ದೊಡ್ಡ ಲೋಟದಲ್ಲಿ ತಂದು, ಮುಂದೆ ಇಡದೆ, ಕೈಗೇ ಕೊಟ್ಟಳು.

‘ಕುಡೀರಿ. ನಮ್ಮದಿದ್ದಾಗ ನೀವು ಕುಡೀಲಿಲ್ಲ. ಇದು ನಿಮ್ಮಾಳಿನ ಮನೇದು.’

ವೇದವತಿ ಲೋಟ ಎತ್ತಿ ಕುಡಿದಳು. ತಣ್ಣಗಿತ್ತು, ಹದವಾಗಿ ಹುಳಿಯಿತ್ತು, ಉಪ್ಪು ಸರಿಯಾಗಿತ್ತು. ನಾಲಗೆಯ ಮೇಲೆ ಎಲ್ಲಾದರೂ ಚುರ್ ಅನ್ನುತ್ತದೇನೋ ಎಂದು ಕೊನೆಯ ಗುಟುಕಿನವರೆಗೂ ಕಾದಳು.